ಬೆಡೋಕ್ ಆಂಟಿ ಹೇಳಿದ ಹುಲಿ

ಭವಿಷ್ಯ ಕೇಳುವುದರಲ್ಲಿ ನನಗೆ ನಂಬಿಕೆಯಿಲ್ಲ. ಕೇಳಿ ಬಂದ ಮೇಲೆ ಮಾತ್ರ ನಂಬಿಕೆ ಬಂದುಬಿಡುತ್ತದೆ, ಅದೂ ಒಳ್ಳೆಯದು ಹೇಳಿದ್ದರೆ. ಎಂ.ಎಸ್ಸಿ. ಕೆಮಿಸ್ಟ್ರಿ ಓದಿದವಳು ಹೀಗೆನ್ನಬಾರದು, ಗೊತ್ತು. ಆದರೆ ಆ ಎಂ.ಎಸ್ಸಿ. ಎಂಟು ವರ್ಷಗಳಿಂದ ಚೋವಾ ಚು ಕಾಂಗಿನ ನಮ್ಮ ಫ್ಲ್ಯಾಟಿನಲ್ಲಿ, ಬೀರುವಿನ ಮೇಲಿನ ಸೂಟ್‌ಕೇಸಿನೊಳಗೆ, ಸಿಂಗಪುರದಲ್ಲಿ ಯಾರೂ ಹಾಕದ ಸ್ವೆಟರುಗಳ ಕೆಳಗೆ ಮಲಗಿತ್ತು. ಚಿಕ್ಕ ಮಗಳು ಶಾಲೆಗೆ ಸೇರಿದ ವರ್ಷ ಅದನ್ನು ಹೊರತೆಗೆದು ಎರಡು ಇಂಟರ್‌ವ್ಯೂಗೆ ಹೋಗಿ ಬಂದೆ. ಮೊದಲನೆಯದರಲ್ಲಿ ‘ನಿಮ್ಮ ಬಗ್ಗೆ ಹೇಳಿ’ ಎಂದರೆ ಐದು ನಿಮಿಷ ನನ್ನ ಗಂಡನ ಬಗ್ಗೆ ಹೇಳಿದೆ. ಎರಡನೆಯದರಲ್ಲಿ ಕೂರುವಾಗ ‘ಸಾರಿ’, ಏಳುವಾಗ ‘ಸಾರಿ’, ನಡುವೆ ಕೇಳಿದ್ದಕ್ಕೆಲ್ಲ ‘ಸಾರಿ’. ಮೂರನೆಯದು, ನೀರು ಪರೀಕ್ಷೆ ಮಾಡುವ ಲ್ಯಾಬೊಂದರದು, ಸೋಮವಾರ ಇತ್ತು. ಇದೂ ಹೋದರೆ ಸೂಟ್‌ಕೇಸನ್ನು ಮತ್ತೆ ಮೇಲಿಟ್ಟು ಸುಮ್ಮನಾಗುವುದೆಂದು ನಿರ್ಧರಿಸಿದ್ದೆ. ನಿರ್ಧರಿಸಿ, ಬಚ್ಚಲಲ್ಲಿ ನಲ್ಲಿ ತಿರುಗಿಸಿಕೊಂಡು ಅತ್ತೂ ಇದ್ದೆ.

ನಮ್ಮ ಬ್ಲಾಕಿನ ಏಳನೇ ಮಹಡಿಯ ನಳಿನಿಗೆ ಇಂಥದ್ದೆಲ್ಲ ಹೇಗೋ ವಾಸನೆ ಹತ್ತುತ್ತದೆ. “ಬೆಡೋಕ್‌ನಲ್ಲಿ ಒಬ್ರು ವಿಯೆಟ್ನಾಂ ಆಂಟಿ ಇದಾರೆ ಕಣೇ. ಜಾತಕ ಗೀತಕ ಏನೂ ಬೇಡ, ಹುಟ್ಟಿದ ದಿನ ಹೇಳಿದ್ರೆ ಸಾಕು. ಶನಿವಾರಕ್ಕೆ ಬುಕ್ ಮಾಡಿದೀನಿ. ಬಾಯ್ಮುಚ್ಕೊಂಡು ಬಾ,” ಎಂದಳು. ಪಕ್ಕದ ಬ್ಲಾಕಿನ ಶೈಲಾಳೂ ಹೊರಟಳು. ಕಾರು ಕಲಿಯಬೇಕೋ ಬೇಡವೋ ಎಂದು ಅವಳು ಮೂರು ವರ್ಷದಿಂದ ಯೋಚಿಸುತ್ತಿದ್ದಳು. ಎಂಆರ್‌ಟಿಯಲ್ಲಿ ದ್ವೀಪದ ಈ ತುದಿಯಿಂದ ಆ ತುದಿಗೆ ಪಯಣ. ರೈಲಿನಲ್ಲಿ ತಿಂದರೆ ದಂಡ ಹಾಕುತ್ತಾರಾದ್ದರಿಂದ ನಳಿನಿ ತಂದಿದ್ದ ಚಕ್ಕುಲಿ ಡಬ್ಬಿಯನ್ನು ಮೂವರೂ ಬರೀ ನೋಡುತ್ತ ಕುಳಿತೆವು.

ಆಂಟಿ ಎಂದರೆ ಜಟೆ, ರುದ್ರಾಕ್ಷಿ ಏನೇನೋ ಅಂದುಕೊಂಡಿದ್ದೆ. ಹೂವಿನ ಚಿತ್ರದ ಪೈಜಾಮ ತೊಟ್ಟ, ನಮ್ಮ ಸೋದರತ್ತೆಯಷ್ಟು ವಯಸ್ಸಿನ ಸಣ್ಣ ಹೆಂಗಸು. ನಮ್ಮನ್ನು ಕೂರಿಸಿ, ಟೀ ಕೊಟ್ಟು, ಚಕ್ಕುಲಿಯನ್ನು ಕಟುಂ ಎಂದು ಕಡಿದು “ವೆರಿ ನೈಸ್” ಎಂದರು. ಗೋಡೆಯ ಮೇಲೆ ಹನ್ನೆರಡು ಪ್ರಾಣಿಗಳ ಕ್ಯಾಲೆಂಡರು. ಹುಟ್ಟಿದ ವರ್ಷಕ್ಕೊಂದು ಪ್ರಾಣಿ. ಚೀನೀಯರ ಪಟ್ಟಿಯಲ್ಲಿ ಮೊಲ ಇರುವ ಕಡೆ ಇವರಿಗೆ ಬೆಕ್ಕು. ನಳಿನಿಗೆ ಎಮ್ಮೆ ಬಂತು. “ಅಯ್ಯೋ, ನಮ್ಮತ್ತೆ ಹೇಳೋದನ್ನೇ ಹೇಳ್ತಿದಾರಲ್ಲೇ!” ಎಂದು ನಕ್ಕಳು. ಅರವತ್ತಮೂರರಲ್ಲಿ ಹುಟ್ಟಿದ ಶೈಲಾಳಿಗೆ ಬೆಕ್ಕು. “ಕ್ಯಾಟ್ ಲೇಡಿ, ದಿಸ್ ಇಯರ್ ಸ್ಟೇ ಹೋಮ್. ನ್ಯೂ ಥಿಂಗ್ ಡೋಂಟ್ ಸ್ಟಾರ್ಟ್ ಲಾ,” ಎಂದರು ಆಂಟಿ. ಕಾರು ಹೋಯಿತು. ಪಾಪ ಅನ್ನಿಸಿತು.

ನನ್ನ ಸರದಿ. “ಡೇಟ್ ಆಫ್ ಬರ್ತ್?” ಎಂದರು. “ಫಸ್ಟ್ ಜೂನ್, ನೈನ್‌ಟೀನ್ ಸಿಕ್ಸ್ಟಿಟೂ,” ಎಂದೆ. ಪಕ್ಕದಲ್ಲಿ ನಳಿನಿ ಬಾಯಿ ತೆರೆದಳು, ಅದಕ್ಕೊಂದು ಚಕ್ಕುಲಿ ತುರುಕಿಕೊಂಡಳು. ಆಂಟಿ ಪುಸ್ತಕ ನೋಡಿ ಕಣ್ಣರಳಿಸಿದರು. “ಟೈಗರ್!” ಸೋಮವಾರದ ವಿಷಯ ಹೇಳಿದೆ. ನನ್ನ ಎರಡೂ ಕೈ ಹಿಡಿದುಕೊಂಡರು. “ವೈ ಹ್ಯಾಂಡ್ ಸೋ ಕೋಲ್ಡ್? ಟೈಗರ್ ಲೇಡಿ ನೋ ನೀಡ್ ಸ್ಕೇರ್ಡ್. ಮಂಡೇ ಯೂ ಟಾಕ್, ದೇ ಲಿಸನ್.” ಆ ಕೈ ಬೆಚ್ಚಗಿತ್ತು. ಎಂಟು ವರ್ಷಗಳಲ್ಲಿ ನನಗೆ ಇಂಥ ಮಾತನ್ನು ಯಾರೂ ಹೇಳಿರಲಿಲ್ಲ.

ಸೋಮವಾರ ಹೋದದ್ದು ಹುಲಿ. ಮ್ಯಾನೇಜರು “ಎಂಟು ವರ್ಷ ಏನು ಮಾಡುತ್ತಿದ್ದಿರಿ?” ಎಂದು ಕೇಳಿದರು. “ಎರಡು ಮಕ್ಕಳನ್ನು ಬೆಳೆಸಿದೆ. ಅಷ್ಟರಲ್ಲಿ ನೀರೇನೂ ಬದಲಾಗಿಲ್ಲ. ಬ್ಯುರೆಟ್ ಕೊಟ್ಟು ನೋಡಿ,” ಎಂದೆ. ಕೊಟ್ಟೇಬಿಟ್ಟರು. ಗಾಜಿನ ಆ ಕೊಳವೆಯಿಂದ ಹನಿ ಬಿಡುತ್ತ ನೀರಿನ ಗಡಸುತನ ಅಳೆದೆ. ಕೆಂಪು ಹೋಗಿ ನೀಲಿ ಬರುವ ಆ ಒಂದು ಹನಿಯಲ್ಲಿ ನನ್ನ ಕೈ ಸರಿಯಾಗಿ ನಿಂತಿತು. ಒಂದು ‘ಸಾರಿ’ ಕೂಡ ಇಲ್ಲ.

ಕೆಲಸ ಸಿಕ್ಕಿತು. ಸೇರುವ ದಿನ ಫಾರ್ಮು ತುಂಬುತ್ತ ಹುಟ್ಟಿದ ದಿನದ ಕಾಲಮಿಗೆ ಬಂದೆ. ಜೂನ್ ಒಂದು ಎಂದು ಬರೆದು ಮುಗಿಸಿದ ಮೇಲೆ ಪೆನ್ನು ನಿಂತುಬಿಟ್ಟಿತು. ಅಯ್ಯೋ ರಾಮ, ಅದು ನಾನು ಹುಟ್ಟಿದ ದಿನವೇ ಅಲ್ಲವಲ್ಲ! ಅಕ್ಕನ ಹಿಂದೆ ನಾನೂ ಸ್ಕೂಲಿಗೆ ಹೋಗಬೇಕೆಂದು ರಚ್ಚೆ ಹಿಡಿದಾಗ ನನಗೆ ಇನ್ನೂ ನಾಲ್ಕೂವರೆ. ಮೈಸೂರಿನ ನಮ್ಮ ಹೆಡ್‌ಮಾಸ್ಟರು ಅಪ್ಪನಿಗೆ, “ಜೂನ್ ಒಂದು ಅಂತ ಹಾಕ್ಕೊಳ್ತೀನಿ ಬಿಡಿ ಸ್ವಾಮಿ, ನೆನಪಿಟ್ಕೊಳ್ಳೋಕೆ ಸುಲಭ,” ಎಂದು ಹೇಳಿ ವರ್ಷವನ್ನೂ ಒಂದು ಹಿಂದಕ್ಕೆ ತಳ್ಳಿದರು. ನಮ್ಮ ಕಡೆಯ ಎಷ್ಟೋ ಜನ ಜೂನ್ ಒಂದಕ್ಕೇ ಹುಟ್ಟಿರುವುದು ಹೀಗೆ. ಪಾಸ್‌ಪೋರ್ಟು, ವೀಸಾ, ಬ್ಯಾಂಕು ಎಂದು ಎಷ್ಟು ಫಾರ್ಮು ತುಂಬಿದ್ದೇನೆಂದರೆ, ಮೇಜಿನಾಚೆ ಕುಳಿತು ಯಾರೇ ಕೇಳಿದರೂ ಬಾಯಿ ತಾನಾಗಿಯೇ ಅದನ್ನು ಹೇಳುತ್ತದೆ. ನಿಜವಾಗಿ ಹುಟ್ಟಿದ್ದು ಮರುವರ್ಷದ ಆಯುಧಪೂಜೆಯ ದಿನ. ಶೈಲಾಳ ವರ್ಷ. ಹೊಸದೇನೂ ಶುರು ಮಾಡದೆ ಮನೆಯಲ್ಲಿರಬೇಕಾಗಿದ್ದ ಬೆಕ್ಕು ನಾನು.

ಸಂಜೆ ನಳಿನಿಗೆ ಫೋನ್ ಮಾಡಿದೆ. “ನಂಗೆ ಅವತ್ತೇ ಗೊತ್ತಿತ್ತು ಕಣೇ,” ಎಂದಳು. “ಪ್ರತಿ ಆಯುಧಪೂಜೆಗೂ ನಿನ್ ಹುಟ್ಟುಹಬ್ಬದ ಹಯಗ್ರೀವ ತಿನ್ನೋಳು ನಾನಲ್ವಾ? ಹೇಳೋಣ ಅಂತ ಬಾಯಿ ತೆಗೆದೆ. ನಿನ್ ಮುಖ ನೋಡಿದೆ. ಪಾಪಿ, ಎಷ್ಟು ಆಸೆಯಿಂದ ಅವರ ಬಾಯನ್ನೇ ನೋಡ್ತಿದ್ದೆ! ಹಾಳಾಗ್ಹೋಗ್ಲಿ ಅಂತ ಚಕ್ಕುಲಿ ಹಾಕ್ಕೊಂಡೆ.” ವಿಷಯ ಕೇಳಿದ ಶೈಲಾ, “ಬೆಕ್ಕಿಗೂ ಕೆಲಸ ಸಿಗತ್ತೆ ಅಂದ್ರೆ ಲೈಸೆನ್ಸೂ ಸಿಗತ್ತೆ ಬಿಡು,” ಎಂದು ಅದೇ ವಾರ ಡ್ರೈವಿಂಗ್ ಕ್ಲಾಸಿಗೆ ಸೇರಿಕೊಂಡಳು.

“ಸರಿಯಾದ ಡೇಟ್ ಕೊಟ್ಟು ಇನ್ನೊಂದ್ಸಲ ಕೇಳ್ಕೊಂಡು ಬರೋಣ ನಡಿಯೇ,” ಎಂದು ನಳಿನಿ ಈಗಲೂ ರೇಗಿಸುತ್ತಾಳೆ. ನನಗೆ ಅದರಲ್ಲೆಲ್ಲ ನಂಬಿಕೆಯಿಲ್ಲ ಎಂದು ಗತ್ತಿನಿಂದ ಹೇಳುತ್ತೇನೆ. ನಿಜ ಹೇಳಬೇಕೆಂದರೆ, ಭಯ. ಬೆಡೋಕಿಗೆ ಹೋಗಿ, ಆಂಟಿಯ ಎದುರು ಕೂತು, ನಿಜವಾದ ದಿನ ಹೇಳುವಷ್ಟು ಧೈರ್ಯ ಹೆಡ್‌ಮಾಸ್ಟರು ಬರೆದುಕೊಂಡ ಆ ಜೂನ್ ಒಂದರ ಹುಡುಗಿಗೆ ಇದ್ದೀತು. ಆಯುಧಪೂಜೆಯ ದಿನ ಹುಟ್ಟಿದ ನನಗಂತೂ ಇಲ್ಲ.