ಗುಡಾಣನ ಉಪವಾಸವೂ ನನ್ನ ಸೋಪಿನ ಪ್ರತಾಪವೂ

ಒಂದು ನಾಯಿಯನ್ನು ನೋಡಿಕೊಳ್ಳುವುದು ಏನು ಮಹಾ ಕೆಲಸ! ಮಕ್ಕಳನ್ನು ಸಾಕಿದ್ದೇನೆ, ಮಕ್ಕಳ ಮಕ್ಕಳನ್ನು ಸಾಕಿದ್ದೇನೆ, ಬಸ್ಸು ಓಡಿಸಿ ನಿವೃತ್ತರಾದ ಒಬ್ಬ ಗಂಡನನ್ನು ಇಂದಿಗೂ ಸಾಕುತ್ತಿದ್ದೇನೆ. ಇವರೆಲ್ಲರಿಗಿಂತ ನಾಯಿ ಹೆಚ್ಚು ಹಟಮಾರಿಯೇ? ಹೀಗೆಂದು ನಾನು ಎದೆ ತಟ್ಟಿಕೊಂಡ ದಿನ ದೇವರು ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಿರಬೇಕು.

ನನ್ನ ಮೊಮ್ಮಗಳು ಸೈನ್ಯದ ಆಸ್ಪತ್ರೆಯಲ್ಲಿ ನರ್ಸು. ಬೇರೆ ಊರಿನಲ್ಲಿ, ಸೈನ್ಯದವರು ಕೊಟ್ಟ ಮನೆಯಲ್ಲಿ ಅವಳೂ ಅವಳ ನಾಯಿಯೂ ಇದ್ದರು. ನಾಯಿಯ ಹೆಸರು ಗುಡಾಣ. ಹೊಟ್ಟೆ ನೋಡಿದ ಮೇಲೆ ಬೇರೆ ಹೆಸರಿಡಲು ಯಾರಿಗೂ ಮನಸ್ಸಾಗುತ್ತಿರಲಿಲ್ಲ. ಹೀಗಿರುವಾಗ ಗಡಿಯ ಹತ್ತಿರದ ಠಾಣೆಗೆ ಹೊರಡಬೇಕು ಎಂದು ಅವಳಿಗೆ ಆಜ್ಞೆ ಬಂತು. ಅಲ್ಲಿಗೆ ನಾಯಿಯನ್ನು ಒಯ್ಯುವಂತಿಲ್ಲ. ಹುಡುಗಿ ತನ್ನ ಜೀವದ ಬಗ್ಗೆ ಒಂದು ಮಾತೂ ಆಡಲಿಲ್ಲ. ಫೋನಿನಲ್ಲಿ ಬರೀ ಗುಡಾಣನ ಚಿಂತೆ.

"ಅಜ್ಜಿ, ಇಲ್ಲೊಂದು ನಾಯಿಗಳ ಹಾಸ್ಟೆಲ್ ಇದೆ. ಅಲ್ಲಿ ಬಿಡೋಣ ಅಂತಿದೀನಿ."

"ಹಾಸ್ಟೆಲ್ಲಾ? ನಾನಿನ್ನೂ ಬದುಕಿದೀನಿ ಕಣೇ!"

"ನಿನಗೆ ವಯಸ್ಸಾಯ್ತು ಅಜ್ಜಿ."

"ನಿನ್ನ ತಾತನಿಗೂ ಆಯ್ತು. ಅವರನ್ನ ಹಾಸ್ಟೆಲ್ಲಿಗೆ ಹಾಕಿದೀನಾ?"

ಪಕ್ಕದಲ್ಲಿ ಕೂತಿದ್ದ ನಮ್ಮವರು ಕೆಮ್ಮಿದರು. ಹಾಸ್ಟೆಲ್ಲೇ ವಾಸಿ ಎನ್ನುವ ಹಾಗಿತ್ತು ಆ ಕೆಮ್ಮು.

ಅವಳು ಸೈನ್ಯದ ಜೀಪಿನಲ್ಲಿ ಗುಡಾಣನನ್ನು ಕರೆತಂದು ಬಿಟ್ಟು ಹೊರಟಳು. ಜೀಪು ಹಾರ್ನ್ ಹೊಡೆಯುತ್ತಿತ್ತು. ಅಳು ಬಂದುಬಿಟ್ಟರೆ ಅವಳ ಮುಂದೆ ಮಾನ ಹೋಗುತ್ತದೆ ಎಂದು ಬೇಗ ಬೇಗ ಕಳಿಸುತ್ತಿದ್ದೆ. ಅವಳು ಒಂದು ಗೋಣಿಚೀಲ ನನ್ನ ಕೈಗೆ ಕೊಟ್ಟು, "ಅಜ್ಜಿ, ಇದರಲ್ಲಿರೋದನ್ನ ಮಾತ್ರ ನೀನು..." ಎಂದು ಶುರು ಮಾಡಿದಳು.

"ಗೊತ್ತು ಹೋಗೇ! ನನಗೆ ಹೇಳಿಕೊಡಬೇಡ!"

ನಾನು ಕಡಿಮೆ ಓದಿದವಳು. ಅಕ್ಷರ ನನ್ನ ಕಣ್ಣಿಗೆ ಹತ್ತದಿದ್ದರೂ ಮಾತು ಕಿವಿಗೆ ಹತ್ತುತ್ತದೆ. ಯಾರು ಏನು ಹೇಳಿದರೂ ಕೊನೆಯವರೆಗೆ ಕೇಳುವವಳು ಎಂದು ಬೀದಿಗೆಲ್ಲ ನನ್ನ ಹೆಸರು. ಅಂಥ ನಾನು, ಕೇಳಲೇಬೇಕಾಗಿದ್ದ ಒಂದೇ ಒಂದು ಮಾತನ್ನು ಅರ್ಧಕ್ಕೆ ಕತ್ತರಿಸಿ ಹಾಕಿದೆ!

ಜೀಪು ತಿರುವಿನಲ್ಲಿ ಮರೆಯಾಯಿತು. ಒಳಗೆ ಬಂದು ಚೀಲ ಬಿಚ್ಚಿದೆ. ಅಯ್ಯಯ್ಯೋ, ಆ ವಾಸನೆ! ಹಳೇ ಕಂಬಳಿ, ಬೆವರು ಕುಡಿದು ಗಟ್ಟಿಯಾದ ಬನಿಯನ್ನು, ಅವಳ ದಿಂಬಿನ ಕವರು, ಬೂಟಿನೊಳಗೆ ಹಾಕುವ ಉಣ್ಣೆಯ ಕಾಲುಚೀಲ. ಒಂದನ್ನೂ ಒಗೆದಿಲ್ಲ!

ಇಲ್ಲಿ ನನ್ನ ಪೂರ್ವೋತ್ತರ ಹೇಳಲೇಬೇಕು. ನಾನು ಆಯುಷ್ಯವೆಲ್ಲ ದುಡಿದದ್ದು ದೊಡ್ಡಾಸ್ಪತ್ರೆಯ ಲಾಂಡ್ರಿಯಲ್ಲಿ. ರಕ್ತ, ಟಿಂಚರು, ಔಷಧಿ, ಏನು ಬಿದ್ದಿದ್ದರೂ ಹಾಸಿಗೆ ಬಟ್ಟೆ ನನ್ನ ಕೈಯಿಂದ ಹಾಲಿನಂತೆ ಹೊರಗೆ ಬರುತ್ತಿತ್ತು. ನನಗೆ ಗೊತ್ತಿರುವ ಕಲೆ ಒಂದೇ, ಕಲೆ ತೆಗೆಯುವುದು! ಮೊಮ್ಮಗಳಿಗೆ ಪಾಪ ಒಗೆಯಲು ಪುರಸೊತ್ತಾಗಿಲ್ಲ, "ಇದರಲ್ಲಿರೋದನ್ನ ಮಾತ್ರ ನೀನು ಒಗೆದುಬಿಡು" ಎನ್ನಲು ಬಂದಿದ್ದಳು ಎಂದು ನಾನೇ ಅವಳ ವಾಕ್ಯ ಮುಗಿಸಿಕೊಂಡೆ.

ಹಂಡೆಯಲ್ಲಿ ನೀರು ಕುದಿಯಿತು. ಸೋಡ ಬಿತ್ತು, ಸೋಪು ಬಿತ್ತು. ನಾನು ಬಟ್ಟೆಯ ಮೇಲೆ ದಂಡೆತ್ತಿ ಹೋದೆ! ಗುಡಾಣ ಪಕ್ಕದಲ್ಲಿ ಕೂತು, ಒಂದೊಂದು ಬಟ್ಟೆ ನೀರಿಗೆ ಬಿದ್ದಾಗಲೂ ಕುಂಯ್ ಎನ್ನುತ್ತಿದ್ದ. ನನ್ನ ಕೈಚಳಕ ನೋಡಿ ಹೊಗಳುತ್ತಿದ್ದಾನೆ ಎಂದುಕೊಂಡೆ. ಖುಷಿಯಲ್ಲಿ ಅವನನ್ನೂ ಎಳೆದು ಸೋಪು ಹಚ್ಚಿ ತಿಕ್ಕಿದೆ. ಸಂಜೆಗೆ ತಾರಸಿಯ ಹಗ್ಗದ ಮೇಲೆ ಎಲ್ಲವೂ ಕವಾಯತಿಗೆ ನಿಂತಂತೆ ನಿಂತಿದ್ದವು. ಒಂದೇ ಕೊರತೆ: ಕಾಲುಚೀಲಕ್ಕೆ ಜೋಡಿ ಇರಲಿಲ್ಲ.

"ಇನ್ನೊಂದು ಎಲ್ಲಿ ಹೋಯ್ತು?" ಎಂದೆ.

"ನಾಯಿ ನುಂಗಿರಬೇಕು," ಎಂದರು ನಮ್ಮವರು, ಮುಖ ಆ ಕಡೆ ತಿರುಗಿಸಿಕೊಂಡು.

ಗುಡಾಣನಿಗೆ ಜಗಲಿಯಲ್ಲಿ ಜಾಗ ಕೊಟ್ಟೆ. ಒಳಕೋಣೆಗೆ ಪ್ರವೇಶವಿಲ್ಲ. ನನ್ನ ಮನೆಯ ನೆಲ ಕನ್ನಡಿಯಂಥದ್ದು. ತಟ್ಟೆಯಲ್ಲಿ ಅನ್ನ, ಮೊಟ್ಟೆ, ಬೇಯಿಸಿದ ಕೋಳಿ ಬಡಿಸಿದೆ. ಮೂಸಿದ. ನನ್ನನ್ನು ನೋಡಿದ. ಹೋಗಿ ಗೇಟಿನ ಕಡೆ ಮುಖ ಮಾಡಿ ಮಲಗಿದ.

ಮಾರನೆಯ ದಿನವೂ ಅದೇ. ಅದರ ಮಾರನೆಯ ದಿನವೂ ಅದೇ. ಮಡಿಮಡಿಯಾಗಿ ಹಾಸಿದ ಕಂಬಳಿಯನ್ನು ಮೂಸಿ, ಮೋಸ ಮಾಡಿದವರನ್ನು ನೋಡುವಂತೆ ನನ್ನತ್ತ ದೃಷ್ಟಿಸಿ, ಬರೀ ನೆಲದ ಮೇಲೆ ಮಲಗುತ್ತಿದ್ದ. ಒಂದಿಷ್ಟು ನೀರು ಕುಡಿಯುತ್ತಿದ್ದ, ಅಷ್ಟೇ.

"ಹಸಿವಾದರೆ ತಾನೇ ತಿನ್ನುತ್ತೆ ಬಿಡೇ," ಎಂದರು ನಮ್ಮವರು.

"ನಿಮಗೆ ಹಸಿವಾದಾಗ ಮನೆಯೆಲ್ಲ ಗೊತ್ತಾಗುತ್ತೆ. ಈ ಮೂಕಪ್ರಾಣಿ ಯಾರಿಗೆ ಹೇಳಬೇಕು?"

ಎದುರುಮನೆಯ ಟೈಲರಮ್ಮ ಬಂದಳು. ಅವಳ ಬಳಿ ಅಳತೆಯಿಲ್ಲದೆ ಬರುವುದೆಂದರೆ ಸಲಹೆ ಒಂದೇ. "ದೊಡ್ಡಮ್ಮ, ನೀವು ತಿಂದು ತೋರಿಸಬೇಕು. ಆಗ ಅದಕ್ಕೆ ಧೈರ್ಯ ಬರುತ್ತೆ."

ನನಗೆ ಮಂಡಿನೋವು. ನಮ್ಮವರನ್ನು ಬಗ್ಗಿಸಿದೆವು. ಪಾಪ, ಕೈ ಕಾಲು ಊರಿ, ತಟ್ಟೆಗೆ ಮೂತಿ ಇಟ್ಟು, "ಆಹಾ, ಎಷ್ಟು ಚೆನ್ನಾಗಿದೆ!" ಎಂದು ಚಪ್ಪರಿಸುತ್ತಿರುವಾಗಲೇ ಗ್ಯಾಸ್ ಸಿಲಿಂಡರಿನವನು ಗೇಟು ತೆಗೆಯಬೇಕೇ! ಅವನು ನಮ್ಮವರನ್ನು ನೋಡಿದ, ನನ್ನನ್ನು ನೋಡಿದ, ಮೆಲ್ಲಗೆ ಸಿಲಿಂಡರ್ ಇಳಿಸಿದ.

"ಪರವಾಗಿಲ್ಲ, ಊಟ ಮುಗೀಲಿ. ಆಮೇಲೆ ಬರ್ತೀನಿ," ಎಂದು ಹೊರಟೇ ಹೋದ.

ಗುಡಾಣ ಇದನ್ನೆಲ್ಲ ನೋಡಿ ಒಂದು ನಿಟ್ಟುಸಿರು ಬಿಟ್ಟ. ಅಷ್ಟೇ ನಮಗೆ ದಕ್ಕಿದ್ದು!

ನಗುವವರು ನಗಲಿ, ನನ್ನೊಳಗೆ ಮಾತ್ರ ಬೆಂಕಿ. ಗುಡಾಣನ ಹೆಸರು ದಿನದಿನಕ್ಕೆ ಸುಳ್ಳಾಗುತ್ತಿತ್ತು. ಕೈಯಾಡಿಸಿದರೆ ಪಕ್ಕೆಲುಬು ಸಿಗುತ್ತಿತ್ತು. ಅಲ್ಲಿ ಅವಳು ಗಾಯಾಳುಗಳ ನಡುವೆ ನಿಂತಿದ್ದಾಳೆ. ಇಲ್ಲಿಯ ಸುದ್ದಿ ಕಿವಿಗೆ ಬಿದ್ದು ಒಂದು ಗಳಿಗೆ ಮನಸ್ಸು ಅಲುಗಿದರೆ? ಅವಳು ನನ್ನನ್ನು ನಂಬಿ ಬಿಟ್ಟುಹೋದದ್ದು ಇದೊಂದೇ ಜೀವ. ಅದೂ ಇಲ್ಲವಾದರೆ ಯಾವ ಮುಖ ಹೊತ್ತು ಗೇಟು ತೆಗೆಯಲಿ?

ಆಗಲೇ ಅವಳ ಫೋನು ಬಂತು. ಮಾತು ಬಿಟ್ಟು ಬಿಟ್ಟು ಕೇಳಿಸುತ್ತಿತ್ತು. ಹಿಂದೆ ಲಾರಿಗಳ ಸದ್ದು, ಯಾರೋ ಯಾರನ್ನೋ ಕೂಗುವ ಸದ್ದು.

"ಅಜ್ಜಿ, ಗುಡಾಣ ತಿಂತಾನಾ?"

"ತಿಂತಾನಾ ಅಂತೀಯಲ್ಲೇ! ತಟ್ಟೆ ಸಮೇತ ನುಂಗ್ತಾನೆ!" ತಟ್ಟನೆ ಮಾತು ತಿರುಗಿಸಿದೆ. "ನೀನು ಊಟ ಮಾಡಿದ್ಯಾ?"

"ಮಾಡಿದೆ ಅಜ್ಜಿ. ಹೊಟ್ಟೆ ತುಂಬ!"

ಲಾಂಡ್ರಿಯ ಯಂತ್ರಗಳ ಗದ್ದಲದಲ್ಲಿ ಕೆಲಸ ಮಾಡಿದ ಕಿವಿ ಇದು. ಮಾತಿನ ಹಿಂದಿನ ಮಾತು ಕೇಳಿಸುತ್ತದೆ. ಹುಡುಗಿಯ ದನಿಯ ತುದಿ ಒಣಗಿತ್ತು. ಹೊಟ್ಟೆ ತುಂಬಿದವರ ದನಿ ಅಲ್ಲ ಅದು. ಅಂತೂ ಈ ಕಡೆಯಿಂದ ಒಂದು ಸುಳ್ಳು, ಆ ಕಡೆಯಿಂದ ಒಂದು ಸುಳ್ಳು. ಲೆಕ್ಕ ಚುಕ್ತಾ!

ಫೋನು ಇಟ್ಟವಳೇ ಕಣ್ಣೊರೆಸಿಕೊಂಡು ಟೈಲರಮ್ಮನ ಮುಂದೆ ಎಲ್ಲ ತೋಡಿಕೊಂಡೆ. ಜೋಡಿಯಿಲ್ಲದ ಕಾಲುಚೀಲದ ವಿಷಯವೂ ಬಂತು. ಅವಳು ಕತ್ತರಿಯನ್ನು ಠಣ್ಣನೆ ಕೆಳಗಿಟ್ಟಳು.

"ದೊಡ್ಡಮ್ಮ! ನುಂಗಿದ ಕಾಲುಚೀಲ ಕರುಳಿಗೆ ಸುತ್ತಿಕೊಂಡಿದೆ! ಅದಕ್ಕೇ ತಿಂತಾ ಇಲ್ಲ! ಇವತ್ತೇ ಆಪರೇಷನ್ ಮಾಡಿಸಿ!"

ಆಟೋ ಕರೆದೆ. ನಮ್ಮವರು ಮಾತ್ರ, "ಇಷ್ಟು ಅವಸರ ಯಾಕೆ? ನುಂಗಿಲ್ಲದೆಯೂ ಇರಬಹುದು," ಎಂದು ಗೊಣಗಿದರು.

"ನುಂಗಿದೆ ಅಂದವರು ನೀವೇ ಅಲ್ವಾ?"

"ಹಾಗಂತ... ಒಂದು ಊಹೆ..."

"ಊಹೆಯಲ್ಲಿ ಬಸ್ಸು ಓಡಿಸಿದ್ರೇನ್ರೀ ಇಷ್ಟು ವರ್ಷ?"

ಪ್ರಾಣಿಗಳ ಆಸ್ಪತ್ರೆಯಲ್ಲಿ ಮೊಮ್ಮಗಳ ಕಥೆಯೆಲ್ಲ ಕೇಳಿಸಿಕೊಂಡು, ಗುಡಾಣನನ್ನು ಮೇಜಿನ ಮೇಲೆ ಮಲಗಿಸಿ ಹೊಟ್ಟೆಗೆ ಅಂಟಂಟು ಜೆಲ್ ಸವರಿ ಸ್ಕ್ಯಾನ್ ಮಾಡಿದರು. ಅದು ಮುಗಿಯುವವರೆಗೆ ನಮ್ಮವರು ಬೆವರಿದ ಬೆವರಿನಲ್ಲಿ ಇನ್ನೊಂದು ಹಂಡೆ ತುಂಬುತ್ತಿತ್ತು. ಡಾಕ್ಟರು ತೆರೆಯನ್ನು ತಿರುಗಿಸಿ ತೋರಿಸಿದರು.

"ಅಮ್ಮಾ, ಹೊಟ್ಟೇಲಿ ಕಾಲುಚೀಲ ಇಲ್ಲ. ಹೊಟ್ಟೇಲಿ ಏನೂ ಇಲ್ಲ. ಅದೇ ತೊಂದರೆ." ಆಮೇಲೆ ಗುಡಾಣನ ಬೆನ್ನು ಮೂಸಿದರು. "ಏನಿದು, ಸೋಪಿನಂಗಡಿ ಥರ ಘಮ್ ಅಂತಿದಾನೆ? ಇವನ ಯಜಮಾನಿದು ಏನಾದರೂ ಕೊಟ್ಟಿದೀರಾ ಇವನಿಗೆ? ಅವರು ಹೊದ್ದಿದ್ದು, ತೊಟ್ಟಿದ್ದು?"

"ಎಲ್ಲಾ ಕೊಟ್ಟಿದೀನಿ ಡಾಕ್ಟ್ರೇ! ಚೆನ್ನಾಗಿ ಕುದಿಸಿ, ಒಗೆದು, ಇಸ್ತ್ರಿ ಹಾಕಿ!"

ಡಾಕ್ಟರು ಕನ್ನಡಕ ತೆಗೆದರು. "ನಾಯಿಗೆ ಮೂಗೇ ಕಣ್ಣು ಕಣಮ್ಮಾ. ನೀವು ಒಗೆದು ಹಾಕಿದ್ದು ಕೊಳೆಯನ್ನಲ್ಲ, ಅವನ ಯಜಮಾನಿಯನ್ನೇ. ಒಗೆಯದೆ ಇರೋದು ಒಂದಾದರೂ ಇದ್ದರೆ ಹುಡುಕಿ ಕೊಡಿ."

ನೆಲ ಬಾಯಿ ಬಿಡಬಾರದೇ ಎನ್ನಿಸಿತು. ಮೊಮ್ಮಗಳ ಅರ್ಧ ವಾಕ್ಯ ಆಗ ತಾನಾಗಿ ಪೂರ್ತಿಯಾಯಿತು: ಇದರಲ್ಲಿರೋದನ್ನ ಮಾತ್ರ ನೀನು ಒಗೀಬೇಡ!

ಮನೆಗೆ ಬಂದು ಕೊಳೆಬೇಟೆ ಶುರು ಮಾಡಿದೆ. ಮಂಚದ ಕೆಳಗೆ ಹುಡುಕಿದೆ, ಬೀರುವಿನ ಹಿಂದೆ ಹುಡುಕಿದೆ. ಎಲ್ಲೂ ಒಂದು ಕೊಳೆ ಚಿಂದಿಯಿಲ್ಲ! ಆಯುಷ್ಯವಿಡೀ ನಾನು ಬೀಗಿದ ಚೊಕ್ಕಟತನವೇ ನನಗೆ ಉರುಳಾಯಿತು. ಬಾಗಿಲಲ್ಲಿ ನಿಂತು, "ಬಾರಪ್ಪ, ನೆಲ ಹಾಳಾದರೆ ಆಗಲಿ, ನೀನೇ ಹುಡುಕಿಕೋ," ಎಂದು ಗುಡಾಣನನ್ನು ಒಳಗೆ ಬಿಟ್ಟೆ.

ಹೊಸ್ತಿಲು ದಾಟಿದವನೇ ಅವನು ತಲೆಯೆತ್ತಿದ. ಮೂಗು ಅಲುಗಿತು. ಬಾಲ ಒಂದು ಸುತ್ತು ತಿರುಗಿತು. ನೆಟ್ಟಗೆ ಒಳಕೋಣೆಗೆ ನುಗ್ಗಿ ನಮ್ಮವರ ಮಂಚ ಹತ್ತಿ ದಿಂಬು ಕೆರೆಯತೊಡಗಿದ.

"ಏಯ್! ಇಳಿ ಕೆಳಗೆ! ಅಲ್ಲೇನೂ ಇಲ್ಲ!" ನಮ್ಮವರು ಓಡಿ ಬಂದು ದಿಂಬಿನ ಮೇಲೆ ಬಿದ್ದರು. ಗುಡಾಣ ಅವರ ಮೇಲೆ ಬಿದ್ದ. ಆ ಮಹಾಯುದ್ಧದಲ್ಲಿ ದಿಂಬಿನ ಕವರು ಹರಿದು, ಒಳಗಿಂದ ಹೊರಗೆ ಬಿತ್ತು ನೋಡಿ: ಬೂಟಿನ ಆಕಾರದಲ್ಲೇ ಸೆಟೆದು ನಿಂತ ಉಣ್ಣೆಯ ಕಾಲುಚೀಲ!

ಗುಡಾಣ ಅದನ್ನು ಕಚ್ಚಿಕೊಂಡು ಜಗಲಿಗೆ ಓಡಿದ. ತಟ್ಟೆಯ ಪಕ್ಕ ಇಟ್ಟು, ಅದರ ಮೇಲೆ ಒಂದು ಪಾದ ಊರಿ, ಒಣಗಿ ಹೋಗಿದ್ದ ಅನ್ನವನ್ನು ಗಬಗಬನೆ ತಿನ್ನತೊಡಗಿದ. ಆ ಚಪ್ಪರಿಕೆಯಷ್ಟು ಇಂಪಾದ ಸದ್ದನ್ನು ನಾನು ಕೇಳಿಯೇ ಇಲ್ಲ!

"ಏನ್ರೀ ಇದು?"

ನಮ್ಮವರು ಮಂಚದ ಅಂಚಿನಲ್ಲಿ ಕೂತು ಅಂಗಿಯ ಗುಂಡಿ ತಿರುವುತ್ತಿದ್ದರು. "ನೀನು ಎಲ್ಲಾನೂ ಒಗೆದು ಹಾಕ್ತೀಯ. ಅವಳದ್ದು ಅಂತ ಒಂದಾದರೂ ಇರಲಿ ಅಂತ ಎತ್ತಿಟ್ಟುಕೊಂಡೆ. ಅದೇನು ತಪ್ಪಾ?"

ಅಂದಿನಿಂದ ಮನೆಯಲ್ಲಿ ಹೊಸ ಏರ್ಪಾಟು. ಊಟದ ಹೊತ್ತಿಗೆ ಕಾಲುಚೀಲ ಗುಡಾಣನದ್ದು, ಮಲಗುವ ಹೊತ್ತಿಗೆ ತಾತನದ್ದು. ಒಗೆಯಲು ಕೈ ಎಷ್ಟು ತುರಿಸಿದರೂ ಅದರ ಹತ್ತಿರ ನನಗೆ ಪ್ರವೇಶವಿಲ್ಲ!

ಮತ್ತೆ ಫೋನು ಬಂದಾಗ ಮೊಮ್ಮಗಳಿಗೆ ಎಲ್ಲ ಒಪ್ಪಿಸಿದೆ. ಮೊದಲು ನಕ್ಕಳು. ಆಮೇಲೆ ತನ್ನದನ್ನೂ ಬಿಚ್ಚಿದಳು.

"ಅಜ್ಜಿ, ನಾನೂ ಸುಳ್ಳು ಹೇಳಿದೆ. ಇಲ್ಲಿ ಊಟ ಗಂಟಲಲ್ಲಿ ಇಳಿಯಲ್ಲ. ನಿನ್ನ ಹೆಗಲ ಮೇಲಿನ ಟವೆಲ್ ಒಂದು ಕಳಿಸ್ತೀಯಾ? ಆದರೆ ಒಗೀಬೇಡ! ಈ ಸಲ ಪೂರ್ತಿ ಕೇಳಿಸಿಕೊಂಡ್ಯಾ? ಒಗೀಬೇಡ!"

"ಆಗಲಿ ಕಣೇ, ಆಣೆಯಾಗಿ ಒಗೆಯಲ್ಲ!"

ಅವಳ ಠಾಣೆಯಲ್ಲಿ ಅಡುಗೆ ಮಾಡುವ ಸೈನಿಕನೊಬ್ಬ ರಜೆ ಮುಗಿಸಿ ವಾಪಸು ಹೊರಟಿದ್ದ. ಬಂದು ಒಯ್ಯುತ್ತೇನೆ ಎಂದಿದ್ದ. ಅಲ್ಲಿಯವರೆಗೆ ಆ ಟವೆಲನ್ನು ಹೆಗಲಿಂದ ಇಳಿಸಲಿಲ್ಲ. ಅದರಲ್ಲೇ ಬೆವರೊರೆಸಿದೆ, ಒಲೆ ಮುಂದೆ ನಿಂತು ಹೊಗೆ ಹಿಡಿಸಿದೆ. ಟೈಲರಮ್ಮ ಮೂಗು ಮುರಿದಳು. ಮುರಿಯಲಿ!

ಅಡುಗೆಯವನು ಗೇಟಿನಲ್ಲಿ ನಿಂತು, "ಅಜ್ಜಿ, ಬೇಗ ಕೊಡಿ, ಬಸ್ಸು ಹೊರಡುತ್ತೆ! ನಮ್ಮ ಸಿಸ್ಟರ್ ತಟ್ಟೆ ಮುಟ್ಟಲ್ಲ ಅಂತಾರೆ. ನನ್ನ ಅಡುಗೆ ಅಷ್ಟು ಕೆಟ್ಟದ್ದೇನಲ್ಲ," ಎಂದ. ಹೆಗಲಿಗೆ ಕೈ ಹಾಕಿದೆ. ಟವೆಲ್ ಇಲ್ಲ!

"ಇವಳೇ," ಎಂದರು ನಮ್ಮವರು ತಾರಸಿಯ ಕಡೆ ಬೆರಳು ತೋರಿಸಿ. ಹಗ್ಗದ ಮೇಲೆ ಪಟಪಟ ಹಾರುತ್ತಿತ್ತು ನನ್ನ ಟವೆಲ್, ಹಾಲಿನಂತೆ ಬೆಳ್ಳಗೆ! ಬೆಳಿಗ್ಗೆ ಬಕೆಟ್ಟಿನ ಮುಂದೆ ಕೂತಾಗ ಕೈ ತನ್ನಷ್ಟಕ್ಕೆ ತಾನು ಕೆಲಸ ಮುಗಿಸಿಬಿಟ್ಟಿತ್ತು!

ಅಳುತ್ತಲೇ ಅದನ್ನು ಮಡಿಸಿ ಕೊಟ್ಟೆ. ಬೇರೆ ಏನು ಮಾಡಲಿ? ಆಮೇಲೆ ಫೋನು ಬರುವವರೆಗೆ ನನಗೂ ಗಂಟಲಲ್ಲಿ ಇಳಿಯಲಿಲ್ಲ.

ಬಂತು. ಕಿವಿಗೊತ್ತಿ ಹಿಡಿದೆ. ಆ ಕಡೆಯಿಂದ ಬಾಯಿ ತುಂಬ ತುತ್ತಿಟ್ಟುಕೊಂಡು ಮಾತಾಡುವ ಸದ್ದು!

"ಅಜ್ಜಿ! ಒಗೀಬೇಡ ಅಂದ್ರೂ ಒಗೆದೆ ಅಲ್ವಾ?"

"ತಪ್ಪಾಯ್ತು ಕಣೇ..."

"ಏನು ತಪ್ಪು? ಬಿಚ್ಚಿದ ಕೂಡಲೇ ಘಮ್ ಅಂತ ನೀನೇ ಬಂದು ಕೂತ ಹಾಗಾಯ್ತು. ಒಗೆಯದೆ ಕಳಿಸಿದ್ದಿದ್ದರೆ, ಇದು ನಮ್ಮಜ್ಜಿದಲ್ಲ ಅಂತ ವಾಪಸ್ ಕಳಿಸ್ತಿದ್ದೆ!"