ಕರಾರುವಾಕ್ಕಾದ ಢಂ

ಮರಳವಾಡಿ ಕಡೆಯ ಬೆಳೆ ರಕ್ಷಣಾ ಬಂದೂಕುದಾರರ ಸಂಘದ ಸದಸ್ಯರು ಕಳೆದ ವರ್ಷವಿಡೀ ಒಂದೇ ಒಂದು ತೋಟೆಯನ್ನೂ ಹಾರಿಸಿಲ್ಲ. ಸಂಘದ ಇತಿಹಾಸದಲ್ಲಿ ಇಷ್ಟು ಯಶಸ್ವಿಯಾದ ವರ್ಷ ಇನ್ನೊಂದಿಲ್ಲವೆಂದು ಮಹಾಸಭೆ ಒಮ್ಮತದಿಂದ ಅಂಗೀಕರಿಸಿದೆ.

ಸಂಘದ ಕೆಲಸ ಮೊದಲಿಗೆ ಬಹಳ ಸರಳವಾಗಿತ್ತು. ಕಾಡಂಚಿನ ಹೊಲಕ್ಕೆ ಆನೆ ಬಂದರೆ ಪರವಾನಗಿ ಉಳ್ಳ ರೈತರು ಬಂದೂಕನ್ನು ಆಕಾಶಕ್ಕೆ ಹಿಡಿದು ಢಂ ಅನ್ನಿಸುತ್ತಿದ್ದರು, ಆನೆ ಹೋಗುತ್ತಿತ್ತು. ತೋಟೆಯಲ್ಲಿ ಗುಂಡು ಇರುತ್ತಿರಲಿಲ್ಲ, ಸದ್ದಿಗೆ ಬೇಕಾದ ಮದ್ದು ಮಾತ್ರ. ಹಾರಿಸಿದ ತೋಟೆಯ ಹಿತ್ತಾಳೆ ಚಿಪ್ಪಿಗೆ ಮತ್ತೆ ಮದ್ದು ತುಂಬಿಕೊಡಲು ಸಂಘಕ್ಕೆ ಅನುಮತಿ ಇತ್ತು. ಈ ಕೆಲಸವನ್ನು ಬೋರಲಿಂಗಯ್ಯ ಎಂಬ ಹಿರಿಯ ಸದಸ್ಯರು ಮಕ್ಕಳಿಗೆ ಹಾಲು ಕುಡಿಸುವ ಒಳಲೆಯಲ್ಲಿ ಮದ್ದು ಅಳೆದು ಮಾಡುತ್ತಿದ್ದರು. ಹೀಗೆ ತುಂಬಿದ್ದರಲ್ಲಿ ಒಂದು ಢಂ ಜೋರಾಗಿಯೂ ಇನ್ನೊಂದು ಒಸಿ ಮೆತ್ತಗೂ ಆಗುತ್ತಿತ್ತು. ಆನೆಗಳು ಎರಡಕ್ಕೂ ಓಡಿಹೋಗುತ್ತಿದ್ದುದರಿಂದ ಈ ಗಂಭೀರ ಲೋಪ ಬಹಳ ಕಾಲ ಯಾರ ಗಮನಕ್ಕೂ ಬಂದಿರಲಿಲ್ಲ.

ಅದನ್ನು ಗಮನಕ್ಕೆ ತಂದವರು ಕಾರ್ಯದರ್ಶಿ ಶಶಿಕಿರಣ್. ಇವರು ಕನಕಪುರದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಅಧ್ಯಕ್ಷ ಮಲ್ಲಿಕಾರ್ಜುನಯ್ಯನವರ ಅಕ್ಕನ ಮಗ. ಬೆಂಗಳೂರಿನಲ್ಲಿ ಯಾರೋ ಶ್ರೀಮಂತರು ಗುರಿಯಾಟ ಆಡುವುದನ್ನು ನೋಡಿ ಬಂದಿದ್ದ ಅವರು, ಅಲ್ಲಿ ಮದ್ದು ತೂಗಲು ಬಳಸುವ ವಿದೇಶಿ ಯಂತ್ರದ ಬಗ್ಗೆ ಸಭೆಗೆ ವಿವರಿಸಿದರು. ಅದು ಎಷ್ಟು ಸೂಕ್ಷ್ಮವೆಂದರೆ ಒಂದು ಕಣ ಹೆಚ್ಚಾದರೂ ಬೀಪ್ ಎನ್ನುತ್ತದೆ, ಒಂದು ಕಣ ಕಡಿಮೆಯಾದರೆ ಬೇರೆ ಥರ ಬೀಪ್ ಎನ್ನುತ್ತದೆ. ಮದ್ದು ಒಂದೇ ಸಮ ಇದ್ದರೆ ಗುಂಡು ದೂರದ ಗುರಿಯ ನಟ್ಟನಡುವೆ ಬೀಳುತ್ತದೆ ಎಂದರು. ನಮ್ಮದರಲ್ಲಿ ಗುಂಡೇ ಇಲ್ಲವಲ್ಲ ಎಂದು ಯಾರೋ ಕೇಳಿದ್ದಕ್ಕೆ, ಗುಂಡಿಲ್ಲದ ಮೇಲೆ ಸದ್ದಾದರೂ ಸರಿಯಾಗಿರುವುದು ಬೇಡವೇ ಎಂದು ಶಶಿಕಿರಣ್ ಮರುಪ್ರಶ್ನೆ ಹಾಕಿದರು. ಸಭೆ ಇದನ್ನು ನಡಾವಳಿಯಲ್ಲಿ ಬರೆದುಕೊಂಡಿತು.

ಆದರೂ ಅಷ್ಟು ದುಬಾರಿ ಯಂತ್ರ ಅಷ್ಟು ಬೆಲೆ ಬಾಳುತ್ತದೆಯೇ ಎಂದು ತಿಳಿಯಲು ಉಪಸಮಿತಿ ರಚಿಸಲಾಯಿತು. ಉಪಸಮಿತಿ ಒಂದು ಮುಂಜಾನೆ ಕೆರೆ ಏರಿಯ ಮೇಲೆ ಸೇರಿ, ಒಳಲೆಯಲ್ಲಿ ಅಳೆದ ತೋಟೆಯೊಂದನ್ನೂ ಶಶಿಕಿರಣ್ ಬೆಂಗಳೂರಿನ ಯಂತ್ರದಲ್ಲಿ ತೂಗಿಸಿ ತಂದ ತೋಟೆಯೊಂದನ್ನೂ ಹಾರಿಸಿ ನೋಡಿತು. ಹಾರಿಸುವಾಗ ಸದಸ್ಯರೆಲ್ಲರೂ ಕಿವಿ ಮುಚ್ಚಿಕೊಂಡಿದ್ದರು. ಎರಡೂ ಢಂ ಎಂದವಾದರೂ ಎರಡನೆಯ ಢಂನಲ್ಲಿ ಒಂದು ಗುಣಮಟ್ಟ ಇತ್ತೆಂದು ವರದಿ ಬಂತು. ಒಳಲೆಯ ಬೋರಲಿಂಗಯ್ಯ ಅಡ್ಡ ಬರಬಹುದೆಂದು ಕೆಲವರು ನಿರೀಕ್ಷಿಸಿದ್ದರು. ಆದರೆ ಯಂತ್ರಕ್ಕೆ ಎ.ಸಿ. ಕೊಠಡಿ ಬೇಕು, ಅದರೊಳಗೆ ಕೂರಲು ಆಪರೇಟರ್ ಬೇಕು ಎಂದು ತಿಳಿದ ಕೂಡಲೇ ಅವರು ಎದ್ದು ನಿಂತು, ಈ ಒಳಲೆಯಿಂದ ಸಂಘದ ಮಾನ ಹೋಗುತ್ತಿದೆ ಎಂದು ಬಹಳ ಭಾವುಕರಾಗಿ ಮಾತಾಡಿದರು. ಯಂತ್ರಕ್ಕೆ ಜಿಲ್ಲೆಯಲ್ಲಿ ಅಧಿಕೃತ ವಿತರಕರು ಯಾರೆಂದು ಹುಡುಕಲಾಗಿ, ಅದೃಷ್ಟವಶಾತ್ ಅದು ಶಶಿಕಿರಣ್ ಅವರೇ ಆಗಿದ್ದರು. ಇದರಿಂದ ಸಂಘಕ್ಕೆ ಓಡಾಟ ತಪ್ಪಿತು.

ಯಂತ್ರ ಬಂತು. ಸಂಘದ ಕಚೇರಿಯಲ್ಲಿ ಇಟ್ಟರೆ ಅದು ನಿಲ್ಲದೆ ಬೀಪ್ ಎನ್ನತೊಡಗಿತು. ಮೊದಲು ಫ್ಯಾನ್ ಆರಿಸಿದರು. ಆಮೇಲೆ ಹೊರಗೆ ಕಲ್ಲು ತುಂಬಿದ ಲಾರಿ ಹೋದಾಗಲೆಲ್ಲ ತಕ್ಕಡಿ ನಡುಗುವುದು ತಿಳಿಯಿತು. ಲಾರಿ ಓಡಿಸುವುದನ್ನು ನಿಲ್ಲಿಸುವಂತೆ ಕ್ವಾರಿಯವರಿಗೆ ಬರೆದ ಪತ್ರಕ್ಕೆ ಉತ್ತರ ಬರಲಿಲ್ಲ. ಕಡೆಗೆ ಹೋಬಳಿಯಲ್ಲೇ ಅತ್ಯಂತ ನಿಶ್ಶಬ್ದವಾದ ಜಾಗ ಯಾವುದೆಂದು ಹುಡುಕಿಕೊಂಡು ಹೋಗಿ, ಕಾಡಿಗೆ ತಾಗಿದಂತಿರುವ ಅಂಬುಜಮ್ಮನವರ ಬಾಳೆತೋಟದ ಮೂಲೆಯಲ್ಲಿ ನಿಂತರು.

ಅಂಬುಜಮ್ಮ ಸಂಘದ ಒಬ್ಬರೇ ಮಹಿಳಾ ಸದಸ್ಯೆ. ಗಂಡ ತೀರಿಕೊಂಡ ಮೇಲೆ ಪರವಾನಗಿಯನ್ನು ಹಟ ಹಿಡಿದು ತಮ್ಮ ಹೆಸರಿಗೆ ಮಾಡಿಸಿಕೊಂಡವರು. ಹೆಣ್ಣುಮಗಳಿಗೆ ಬಂದೂಕು ಯಾಕೆ ಎಂದು ಕೇಳಿದ ಅಧಿಕಾರಿಗೆ, ಆನೆಗೆ ಅದು ಗೊತ್ತಾಗುವುದಿಲ್ಲ ಎಂದು ಹೇಳಿ ಬಂದಿದ್ದರು. ಮೂಲೆ ಜಾಗವನ್ನು ಅವರು ಸಂತೋಷದಿಂದಲೇ ಬಿಟ್ಟುಕೊಟ್ಟರು. ತೋಟೆ ತುಂಬುವ ಕೊಠಡಿ ಹೊಲದಲ್ಲೇ ಇದ್ದರೆ ತೋಟೆಗಾಗಿ ಅಲೆಯುವುದು ತಪ್ಪುತ್ತದೆ ಎಂಬುದು ಅವರ ಲೆಕ್ಕಾಚಾರ.

ಕೊಠಡಿ ಎದ್ದಿತು. ಬಾಗಿಲ ಮೇಲೆ ನಿಯಮಗಳ ಫಲಕ ಹಾಕಿದರು. ತೂಕ ನಡೆಯುವಾಗ ಆಪರೇಟರ್ ಉಸಿರು ಬಿಡತಕ್ಕದ್ದಲ್ಲ. ಬಿಡಲೇಬೇಕಾದಲ್ಲಿ ಹೊರಗೆ ಬಂದು ಬಿಡತಕ್ಕದ್ದು. ಅವರೆಕಾಯಿ ಸುಗ್ಗಿಯಲ್ಲಿ ಸಾರು ಉಂಡವರಿಗೆ ಆ ದಿನ ಒಳಗೆ ಪ್ರವೇಶವಿಲ್ಲ, ಏಕೆಂದರೆ ಕೊಠಡಿಯ ವಾಯುವಿನಲ್ಲಿ ಏರುಪೇರು ಉಂಟಾಗುವ ಸಂಭವವಿದೆ. ಆಪರೇಟರ್ ಆಗಿ ನೇಮಕಗೊಂಡ ಬೋರಲಿಂಗಯ್ಯ ಇವನ್ನು ಚಾಚೂ ತಪ್ಪದೆ ಪಾಲಿಸಿದರು. ಬರೀ ಮುದ್ದೆ ಮಜ್ಜಿಗೆ ಉಂಡುಕೊಂಡು, ಬಿಳಿ ಕೋಟು ತೊಟ್ಟು, ಅವರು ಆ ಚಳಿಗಾಲದಲ್ಲಿ ತೂಗಿದ ತೋಟೆಗಳಲ್ಲಿ ಒಂದು ಕಣದ ವ್ಯತ್ಯಾಸವೂ ಇರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಒಂದು ಸಂಜೆ ಒಂಟಿ ಸಲಗ ಕಾಡಿನಿಂದ ಇಳಿದು ತೋಟಕ್ಕೆ ಬಂತು. ಅಂಬುಜಮ್ಮ ಹೊಸ ತೋಟೆ ಹಾಕಿ ಢಂ ಅನ್ನಿಸಿದರು. ಸಲಗ ಓಡಿತು. ಕೊಠಡಿಯ ಒಳಗೆ ತಕ್ಕಡಿಯ ಅಂಕಿ ನೆಗೆದು ಬಿದ್ದು, ಯಂತ್ರ ಬೆಳಗಿನವರೆಗೂ ಬೀಪ್ ಎಂದಿತು.

ಮಾರನೆಯ ದಿನವೇ ತುರ್ತುಸಭೆ ಕರೆದು, ಯಂತ್ರದ ಸುತ್ತಮುತ್ತ ಕಿವಿಗೆ ಕೇಳುವಷ್ಟು ದೂರದಲ್ಲಿ ಬಂದೂಕು ಹಾರಿಸುವುದು, ತಗಡು ಬಡಿಯುವುದು, ಕೂಗುವುದು ಇವನ್ನು ನಿಷೇಧಿಸಲಾಯಿತು. ಬಂದೂಕಿನ ಸದ್ದು ದೂರ ಕೇಳುವುದೇ ಅದರ ಗುಣವಾದ್ದರಿಂದ ಈ ನಿಷೇಧ ಬಹುತೇಕ ಎಲ್ಲ ಸದಸ್ಯರ ಹೊಲಕ್ಕೂ ಅನ್ವಯವಾಯಿತು. ಅದೂ ಅಲ್ಲದೆ, ಅಷ್ಟು ಕರಾರುವಾಕ್ಕಾಗಿ ತುಂಬಿದ ತೋಟೆಯನ್ನು ಹಾರಿಸಿಬಿಟ್ಟರೆ ಅದು ಕರಾರುವಾಕ್ಕಾಗಿತ್ತು ಎನ್ನುವುದಕ್ಕೆ ಆಧಾರವೇ ಉಳಿಯುವುದಿಲ್ಲವೆಂದು ಶಶಿಕಿರಣ್ ಬೇಸರ ವ್ಯಕ್ತಪಡಿಸಿದರು. ತೋಟೆಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಲಾಯಿತು.

ಸಲಗ ಮರುದಿನ ಸಂಜೆ ಬಂತು. ಸದ್ದಿಲ್ಲವೆಂದು ಖಾತ್ರಿಯಾದ ಮೇಲೆ ದಿನವೂ ಬಂತು. ಅಂಬುಜಮ್ಮ ಬಂದೂಕು ತೊಡೆಯ ಮೇಲಿಟ್ಟುಕೊಂಡು ಜಗಲಿಯ ಮೇಲೆ ಕೂತು, ಗಂಡನೊಂದಿಗೆ ಸೇರಿ ಮಾಡಿದ್ದ ತೋಟ ಸಾಲು ಸಾಲಾಗಿ ಬೀಳುವುದನ್ನು ನೋಡಿದರು. ಆನೆಗೆ ಹೆದರಿ ಅಳದಿದ್ದವರು, ಬಂದೂಕು ಕೈಯಲ್ಲಿದ್ದೂ ಸುಮ್ಮನೆ ಕೂರಬೇಕಾಯಿತಲ್ಲ ಎಂದು ಒಂದು ಸಂಜೆ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಬೆಳಿಗ್ಗೆ ಎದ್ದು ಸೀದಾ ಕನಕಪುರದ ಬಸ್ಸು ಹತ್ತಿ ಮಲ್ಲಿಕಾರ್ಜುನಯ್ಯನವರ ಅಂಗಡಿಗೆ ಹೋದರು.

"ರೂಮು ನನ್ನ ಹೊಲದಾಗೈತೆ, ಬಂದೂಕ ನನ್ನ ಕೈಯಾಗೈತೆ, ಆನೆ ನನ್ನ ಬಾಳೇಲೈತೆ," ಎಂದರು. "ಢಂ ಅನ್ನಿಸಬ್ಯಾಡ ಅಂದ್ರೆ ನಾನೇನ್ ಮಾಡ್ಲಿ ಸ್ವಾಮಿ?"

ಮಲ್ಲಿಕಾರ್ಜುನಯ್ಯ ಅವರನ್ನು ಕೂರಿಸಿ ಕಾಫಿ ತರಿಸಿದರು. "ಬಾಳೆ ಹೋದ್ರೆ ಬುಡದಲ್ಲೇ ಇನ್ನೊಂದು ಕಂದು ಬರ್ತದೆ ಕಣಮ್ಮ. ಮಿಷಿನ್ನಿಗೆ ಕಂದು ಬರಲ್ಲ," ಎಂದು ಸಮಾಧಾನ ಹೇಳಿದರು.

ಸಂಘ ಅವರ ದೂರನ್ನು ಸಹಾನುಭೂತಿಯಿಂದ ಪರಿಶೀಲಿಸುತ್ತಿರುವಾಗಲೇ ತೋಟ ಮುಗಿಯಿತು. ತಿನ್ನಲು ಏನೂ ಇಲ್ಲದ ಸಲಗ ಬೇಸರಕ್ಕೆ ಅಲ್ಲಿ ಇಲ್ಲಿ ನಿಂತು, ಕೊನೆಗೆ ಕೊಠಡಿಯ ಮೂಲೆಗೆ ಬೆನ್ನು ಕೊಟ್ಟು ತುರಿಸಿಕೊಂಡಿತು. ಒಳಗಿದ್ದ ಬೋರಲಿಂಗಯ್ಯ ನಿಯಮ ಮರೆತು ಉಸಿರು ಬಿಟ್ಟರು. ಯಂತ್ರ ಎರಡೂ ಥರದಲ್ಲಿ ಒಟ್ಟಿಗೆ ಬೀಪ್ ಎಂದಿತು. ಆನೆ ಹೋದ ಮೇಲೆ ಶಶಿಕಿರಣ್ ಬಂದು ನೋಡಿದಾಗ ಗೋಡೆ ಬಿರುಕು ಬಿಟ್ಟಿತ್ತು, ಬೋರಲಿಂಗಯ್ಯ ಮೇಜಿನ ಕೆಳಗಿದ್ದರು.

ಬಂದೂಕು ಹಾರಿಸಿ ಓಡಿಸೋಣ ಎಂದರೆ ಯಂತ್ರಕ್ಕೆ ಅಪಾಯ, ಓಡಿಸದಿದ್ದರೂ ಯಂತ್ರಕ್ಕೆ ಅಪಾಯ. ಸಂಘ ಹಿಂದೆಂದೂ ಇಂಥ ಸಂಕಟಕ್ಕೆ ಸಿಕ್ಕಿರಲಿಲ್ಲ. ಬಾಳೆ ಇದ್ದಷ್ಟು ದಿನ ಸಲಗ ಗೋಡೆಯ ಕಡೆ ತಲೆ ಹಾಕಿರಲಿಲ್ಲ ಎಂಬುದನ್ನು ಮೇಜಿನ ಕೆಳಗಿನಿಂದ ಎದ್ದ ಬೋರಲಿಂಗಯ್ಯನವರೇ ನೆನಪು ಮಾಡಿದರು. ಅಲ್ಲಿಗೆ ದಾರಿ ಸ್ಪಷ್ಟವಾಯಿತು. ಯಂತ್ರದ ಹಿತದೃಷ್ಟಿಯಿಂದ ಕೊಠಡಿಯಿಂದ ದೂರಕ್ಕೆ, ಕಾಡಿನ ಕಡೆಗೆ, ಸಂಘದ ವತಿಯಿಂದ ಬಾಳೆ ಬೆಳೆಸತಕ್ಕದ್ದೆಂದು ನಿರ್ಣಯವಾಯಿತು. ಹೊಲ ಹೇಗೂ ಅಂಬುಜಮ್ಮನವರದು. ಅವರನ್ನು ಬಂದೂಕು ರಕ್ಷಣಾ ಬೆಳೆಗಾರ್ತಿ ಎಂದು ನೇಮಿಸಲಾಯಿತು.

ಈ ಸುದ್ದಿ ತಿಳಿಸಲು ಹೋದ ಶಶಿಕಿರಣ್‌ಗೆ ಅವರು ಮೊದಲು ಪೊರಕೆ ತೋರಿಸಿದರು. ಶಶಿಕಿರಣ್ ಜಗಲಿಯಿಂದಿಳಿದು ರಸ್ತೆಯಲ್ಲಿ ನಿಂತೇ ಆದೇಶವನ್ನು ಪೂರ್ತಿ ಓದಿದರು. ಬಾಳೆ ಬೆಳೆಯುವುದಕ್ಕೆ ಸಂಘ ದುಡ್ಡು ಕೊಡುತ್ತದೆ, ಗೊನೆ ಕಡಿಯಬೇಕಾಗಿಲ್ಲ, ಮಂಡಿಗೆ ಹೊತ್ತು ಹೋಗಿ ದಲ್ಲಾಳಿಯ ಬಾಯಿಗೆ ಬೀಳಬೇಕಾಗಿಲ್ಲ ಎಂಬಲ್ಲಿಗೆ ಬರುವಾಗ ಅಂಬುಜಮ್ಮ ಪೊರಕೆಯನ್ನು ಗೋಡೆಗೆ ಒರಗಿಸಿದ್ದರು. ದುಡ್ಡು ಎಲ್ಲಿಂದ ಬರುತ್ತದೆ ಎಂದು ಕೇಳಿದರು. ತೋಟೆ ಹಾರಿಸದೇ ಇರುವುದರಿಂದ ಉಳಿಯುತ್ತಿದೆ ಎಂದು ಶಶಿಕಿರಣ್ ಹೇಳಿದರು. ಹಾಗಾದರೆ ಕಂದು ಯಾವತ್ತು ಕಳಿಸುತ್ತೀರಿ ಎಂದರು ಅಂಬುಜಮ್ಮ.

ಈಗ ಎಲ್ಲವೂ ನಿಯಮದಂತೆ ನಡೆಯುತ್ತಿದೆ. ಸಲಗ ಸಂಜೆ ಬರುತ್ತದೆ, ತಿನ್ನುತ್ತದೆ, ಹೋಗುತ್ತದೆ. ತಡವಾದರೆ ಅಂಬುಜಮ್ಮ ಬದುವಿನವರೆಗೂ ಹೋಗಿ ನೋಡಿ ಬರುತ್ತಾರೆ. ಅದು ದಿಂಡು ಮಾತ್ರ ತಿಂದು ಗೊನೆ ಬಿಟ್ಟುಹೋದ ದಿನ, ಬೆಳೆದವರ ಕಷ್ಟ ಇದಕ್ಕೆಲ್ಲಿ ತಿಳಿಯಬೇಕು ಎಂದು ಸದ್ದಾಗದ ಹಾಗೆ ಬೈದುಕೊಳ್ಳುತ್ತಾರೆ. ಅಕ್ಕಪಕ್ಕದ ಹೊಲದವರೂ ತಮ್ಮನ್ನೂ ರಕ್ಷಣಾ ಬೆಳೆಗಾರರೆಂದು ಪರಿಗಣಿಸುವಂತೆ ಅರ್ಜಿ ಹಾಕಿದ್ದಾರೆ.

ಮೊನ್ನೆ ಮಾಗಡಿ ಕಡೆಯ ಬಂದೂಕುದಾರರ ಸಂಘದವರು ಅಧ್ಯಯನ ಪ್ರವಾಸ ಬಂದಿದ್ದರು. ತಂಡದ ಮುಖ್ಯಸ್ಥರಾದ ಪುಟ್ಟಸ್ವಾಮಿ ಎಂಬವರು ಕೊಠಡಿಯೊಳಗೆ ಉಸಿರು ಬಿಗಿಹಿಡಿದು ನಿಂತು ತಕ್ಕಡಿ ಅಲುಗದೆ ಇರುವುದನ್ನು ನೋಡಿ, ಹೊರಗೆ ಬಂದು ಉಸಿರು ಬಿಟ್ಟು, ಬಹಳ ಮೆಚ್ಚಿದರು. ಆದರೂ ಒಳಗೊಳಗೆ ಒಂದು ಅನುಮಾನ ಇದ್ದುದರಿಂದ ಅಂಬುಜಮ್ಮನವರನ್ನು ಪಕ್ಕಕ್ಕೆ ಕರೆದು, ಬಳಸುವವರ ಬಾಯಿಂದಲೇ ಕೇಳೋಣವೆಂದು, ಅಷ್ಟು ಬೆಲೆ ಕೊಟ್ಟಿದ್ದಕ್ಕೆ ಸಾರ್ಥಕವೇ ಎಂದು ಕೇಳಿದರು.

"ಮಿಸೀನು ಚೆಂದಾಗೈತೆ, ತಕ್ಕಳಿ," ಎಂದರು ಅಂಬುಜಮ್ಮ. "ಆದ್ರೆ ಮೊದ್ಲು ಬಾಳೆ ಹಾಕ್ಕಳಿ. ಗೊನೆ ಬಿಡೋಗಂಟ ಮಿಸೀನು ತರಬ್ಯಾಡಿ."

ಮಾಗಡಿಯವರು ಇದನ್ನು ಗುರುತು ಹಾಕಿಕೊಂಡು, ಯಂತ್ರಕ್ಕೆ ಮುಂಗಡ ಕೊಟ್ಟು, ಹೋಗುವಾಗ ಜೀಪಿನ ಹಿಂದೆ ಬಾಳೆಕಂದು ತುಂಬಿಕೊಂಡರು. ತಮ್ಮ ಊರಿನ ಕಡೆ ಹಂದಿ ಕಾಟವೇ ಹೊರತು ಆನೆ ಬರುವುದಿಲ್ಲ ಎಂಬುದು ಜೀಪು ಹತ್ತುವಾಗ ಪುಟ್ಟಸ್ವಾಮಿಯವರಿಗೆ ಹೊಳೆಯಿತು. ಶಶಿಕಿರಣ್ ಪುಟ್ಟಸ್ವಾಮಿಯವರ ಕೈ ಹಿಡಿದು, ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಆನೆಗೆ ವಿತರಕರು ಯಾರೆಂದು ವಿಚಾರಿಸಿ ತಿಳಿಸುತ್ತೇನೆ ಎಂದು ಭರವಸೆ ಕೊಟ್ಟರು.