ಖಡಕ್ ರೊಟ್ಟಿ ಡಬ್ಬಿಯ ಟೈಪ್ ಎರರ್

ಪಾಠ ಹೇಳುವವರು ತಾವು ಹೇಳಿದ್ದನ್ನು ಮನೆಯಲ್ಲೂ ನೆನಪಿಡಬೇಕೆಂಬ ಕಾಯಿದೆ ಇಲ್ಲ. ಇದ್ದಿದ್ದರೆ ನನ್ನ ನೌಕರಿ ಎಂದೋ ಹೋಗುತ್ತಿತ್ತು. ನಾನು ಅಫಜಲಪುರದ ಕಾಲೇಜೊಂದರಲ್ಲಿ ಪ್ರೋಗ್ರಾಮಿಂಗ್ ಕಲಿಸುವವನು. ಮೊನ್ನೆ ಇಡೀ ಪಿರಿಯಡ್ ಗಂಟಲು ಹರಿದುಕೊಂಡಿದ್ದೆ: ಮಾವು ಹಣ್ಣೇ ನಿಜ, ಆದರೆ ಮಾವಿನ ಬುಟ್ಟಿಯನ್ನು ಹಣ್ಣಿನ ಬುಟ್ಟಿ ಎಂದು ಕಂಡವರ ಕೈಗೆ ಕೊಡಬೇಡಿ. ಬರೀ ತೆಗೆದು ತಿನ್ನುವವನಾದರೆ ಚಿಂತೆಯಿಲ್ಲ; ಒಳಗೆ ಹಾಕುವವನಾದರೆ ಬಾಳೆಹಣ್ಣನ್ನೂ ತುರುಕುತ್ತಾನೆ. ಅದಕ್ಕೇ, ತೆಗೆಯಲು ಮಾತ್ರ ಬಿಡುವ ಇಂಟರ್‌ಫೇಸ್ ಎಂಬ ಕಿಂಡಿ ಇಟ್ಟು ಕೊಡಬೇಕು. ತಿನ್ನುವವರ ವಿಷಯದಲ್ಲಿ ಈ ನಿಯಮ ಉಲ್ಟಾ ಆಗುತ್ತದೆ ಎಂದೂ ಹೇಳಿದೆ.

“ಸರ್, ಆ ಉಲ್ಟಾಕ್ಕ ಒಂದು ಉದಾಹರಣೆ ಹೇಳ್ರಿ,” ಎಂದಳು ಅತನೂರಿನ ರೇಷ್ಮಾ. “ನಾಳೆ ಹೇಳ್ತೇನಿ,” ಎಂದು ಜಾರಿಕೊಂಡೆ.

ಮನೆಯಲ್ಲಿ ಹೆಂಡತಿ ಮಹಾದೇವಿ ಖಡಕ್ ರೊಟ್ಟಿ ಬಡಿದು ದೊಡ್ಡ ಡಬ್ಬಿ ತುಂಬಿದ್ದಳು. ಮರುದಿನ ಜೇವರ್ಗಿ ಕಡೆಯ ಕೊಳಕೂರಿನಲ್ಲಿ ಅವಳ ಬಸುರಿ ತಂಗಿಯ ಕುಬಸ. ಅಕ್ಕನ ಬುತ್ತಿಯ ರೊಟ್ಟಿ ಮುರಿದರೆ ಪಡಸಾಲೆಗೆಲ್ಲ ಸಪ್ಪಳ ಕೇಳಬೇಕು. ಅದು ಅವಳ ಮರ್ಯಾದೆಯ ಪ್ರಶ್ನೆ. ನನಗೆ ಬಿಸಿ ರೊಟ್ಟಿ ಬಡಿಸಿಟ್ಟು ಹೂ ತರಲು ಹೋದಳು. ಎರಡು ರೊಟ್ಟಿ ಮಿಕ್ಕವು. ಉಂಡ ತಾಟನ್ನೂ ಎತ್ತದ ನನಗೆ ಅಂದೇ ಜವಾಬ್ದಾರಿ ಬರಬೇಕೆ? ಖಡಕ್ ರೊಟ್ಟಿಯೂ ರೊಟ್ಟಿಯೇ, ಅಂದಮೇಲೆ ಇದು ರೊಟ್ಟಿ ಡಬ್ಬಿ. ಬಿಸಿಯವನ್ನು ಅದರೊಳಗಿಟ್ಟು ಮುಚ್ಚಳ ಬಿಗಿದೆ. ನನ್ನ ಮೇಲೆ ನನಗೇ ಅಭಿಮಾನ ಉಕ್ಕಿತು.

ರಾತ್ರಿ ಬುತ್ತಿ ಕಟ್ಟಲು ಮಹಾದೇವಿ ಎತ್ತಿದ ಮೊದಲ ರೊಟ್ಟಿ ಹಬೆಗೆ ಮೆತ್ತಗಾಗಿ ಕರವಸ್ತ್ರದ ಹಾಗೆ ಮಡಚಿಕೊಂಡಿತು. ಪ್ರೋಗ್ರಾಮಿನ ತಪ್ಪು ಹಿಡಿಯುವ ಕಂಪೈಲರ್ ಆಗಿದ್ದರೆ ‘ಟೈಪ್ ಎರರ್’ ಎಂದು ಕೆಂಪು ಗೆರೆ ಎಳೆದು ಸುಮ್ಮನಾಗುತ್ತಿತ್ತು.

“ಇದರಾಗ ಬಿಸಿ ರೊಟ್ಟಿ ಯಾರಿಟ್ರು?”

“ನಾನೇ. ಹಂಚಿನ ಮ್ಯಾಲ ಮತ್ತೊಮ್ಮೆ ಕಾಸಿದ್ರ...”

“ಬೆವತ ರೊಟ್ಟಿ ಬೀಗರ ಮುಂದ ಇಡ್ಲೇನ್ರಿ? ಏಳ್ರಿ, ಹಿಟ್ಟು ತರ್ರಿ.”

ಅವಳ ಕಣ್ಣಲ್ಲಿ ನೀರಿತ್ತು. ಹಿಟ್ಟು ನಾದಿಕೊಟ್ಟೆ; ಅವಳು ಮತ್ತೆ ಎಲ್ಲವನ್ನೂ ಬಡಿದು ಒಣಗಿಸಿದಳು. ಮರುದಿನ ಕೊಳಕೂರಿನಿಂದ ಫೋನ್ ಮಾಡಿ, ಮಾತಿಗೆ ಮೊದಲು ಒಂದು ರೊಟ್ಟಿ ಮುರಿದು ಕೇಳಿಸಿದಳು. ಸಪ್ಪಳ ಚೆನ್ನಾಗಿತ್ತು.

“ಮೆತ್ತಗಾದವು ಏನು ಮಾಡ್ಲಿ?” ಎಂದೆ.

“ಎಂಥಾ ರೊಟ್ಟಿ ಆದ್ರೂ ತಿಂತೇನಿ ಅಂತೀರಲ್ರಿ. ಅವನ್ನೂ ತಿನ್ರಿ.”

ರೇಷ್ಮಾ ಕೇಳಿದ ಉಲ್ಟಾಕ್ಕೆ ಉದಾಹರಣೆ ಸಿಕ್ಕಿತು. ಮುಂದಿನ ಕ್ಲಾಸಿನಲ್ಲಿ ನನ್ನ ಊಟದ ಡಬ್ಬಿ ತೆರೆದು ತೋರಿಸಿದೆ: ಮೆತ್ತನೆಯ ರೊಟ್ಟಿ ತಿನ್ನುವವನು ಬೇಕಾದಲ್ಲಿ ಯಾವ ರೊಟ್ಟಿಯನ್ನಾದರೂ ತಿನ್ನುವವನನ್ನು ಕೂಡಿಸಬಹುದು, ಕಂಪೈಲರ್ ತಕರಾರು ಮಾಡುವುದಿಲ್ಲ.

“ಮತ್ತ ತಿನ್ನವ್ರು ತಕರಾರು ಮಾಡಿದ್ರ ಸರ್?” ಎಂದಳು ರೇಷ್ಮಾ.

“ಅವರನ್ನ ಯಾರೂ ಕೇಳಂಗಿಲ್ಲವ್ವ,” ಎಂದು ಡಬ್ಬಿ ಮುಚ್ಚಿದೆ. ಮನೆಯಲ್ಲಿ ಇನ್ನೂ ಒಂದು ವಾರಕ್ಕಾಗುವಷ್ಟು ಉದಾಹರಣೆ ಉಳಿದಿತ್ತು.